ಬಾಗಿಲು ಹಾಕಿಕೊಳ್ಳುವ ಮೊದಲು

ಚೆಟ್ಟಿಮಾನಿ
ಗುರುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಸಂಜೆ ನಿನ್ನ ಅಮ್ಮ ಫೋನ್ ಮಾಡಿದ್ದಳು. ಶನಿವಾರ ರಾತ್ರಿ ಅಮೆರಿಕದ ನಿಮ್ಮ ಬಫಲೋಗೆ ದೊಡ್ಡ ಹಿಮಗಾಳಿ ಬರುತ್ತದಂತೆ. ನೀನು ಮಾತ್ರ ‘ಇಲ್ಲಿ ಎಲ್ಲರಿಗೂ ಅಭ್ಯಾಸ, ಏನೂ ಆಗಲ್ಲ’ ಎಂದೆಯಂತೆ. ಅವರಿಗೆ ಅಭ್ಯಾಸ ಇರಬಹುದು. ನಿನಗೆ ಇದು ಮೊದಲ ಚಳಿಗಾಲ. ಮನೆಯಲ್ಲಿ ಎರಡು ವರ್ಷದ ಮಗು ಬೇರೆ. ಅದಕ್ಕೇ ಕಣದಲ್ಲಿ ಕಾಫಿ ಮುಚ್ಚಿಸಿ ಬಂದವನು ಊಟಕ್ಕೂ ಮೊದಲು ಇದನ್ನು ಬರೆಯಲು ಕೂತಿದ್ದೇನೆ. ಅಂಚೆಯಲ್ಲಿ ಹಾಕಿದರೆ ಇದು ತಲುಪುವಷ್ಟರಲ್ಲಿ ಹಿಮವೇ ಕರಗಿರುತ್ತದೆ. ನಿನ್ನ ಅತ್ತೆ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾಳೆ. ನೀನು, ಅಳಿಯ ಇಬ್ಬರೂ ಕೂತು ಓದಿ.

ಮಾವ ಮಳೆ ನೋಡಿದವನು, ಹಿಮದ ವಿಷಯ ಏನು ಗೊತ್ತು ಎಂದುಕೊಳ್ಳಬೇಡ. ಮಿಲಿಟರಿ ಸರ್ವಿಸ್‌ನಲ್ಲಿದ್ದಾಗ ಎರಡು ಚಳಿಗಾಲ ಕಾರ್ಗಿಲ್ ಹತ್ತಿರದ ದ್ರಾಸ್‌ನಲ್ಲಿ ಕಳೆದಿದ್ದೇನೆ. ಶ್ರೀನಗರದಿಂದ ಅಲ್ಲಿಗೆ ಹೋಗಲು ಜೊಜಿಲಾ ಘಾಟಿ ಹತ್ತಬೇಕು. 1948ರ ನವೆಂಬರ್‌ನಲ್ಲಿ ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು ಟ್ಯಾಂಕ್ ಹತ್ತಿಸಿದ ಜಾಗ ಅದು. ನಮ್ಮ ಕಾಲದಲ್ಲಿ ಚಳಿ ಶುರುವಾಗಿ ಆ ದಾರಿ ಮುಚ್ಚಿತೆಂದರೆ ಮತ್ತೆ ತೆರೆಯುವುದು ಬೇಸಿಗೆಗೇ. ಅದಕ್ಕೆ ಮೊದಲೇ ಅಕ್ಕಿ, ಬೇಳೆ, ಸೀಮೆಎಣ್ಣೆ, ಔಷಧಿ, ಸೂಜಿದಾರದವರೆಗೆ ಎಲ್ಲವೂ ಲಾರಿಗಳಲ್ಲಿ ಮೇಲೆ ಬಂದಿರಬೇಕು. ನನಗೆ ಅದು ಹೊಸದು ಅನ್ನಿಸಲಿಲ್ಲ. ನಮ್ಮ ಅಮ್ಮ ಜಡಿಮಳೆಯ ಆಟಿ ತಿಂಗಳಿಗೆ ಮಾಡುತ್ತಿದ್ದದ್ದೂ ಅದನ್ನೇ. ಮೇ ತಿಂಗಳಲ್ಲೇ ಸೌದೆ ಒಳಗೆ ಬರುತ್ತಿತ್ತು. ಹಲಸಿನ ಬೀಜಕ್ಕೆ ಕೆಮ್ಮಣ್ಣು ಹಚ್ಚಿ ಇಡುತ್ತಿದ್ದರು. ಸೊಳೆ ಉಪ್ಪಿಗೆ ಬೀಳುತ್ತಿತ್ತು. ಒಣಮೀನು ಒಲೆಯ ಮೇಲಿನ ಅಟ್ಟ ಸೇರುತ್ತಿತ್ತು. ಭಾಗಮಂಡಲದಲ್ಲಿ ಸಂಗಮ ಉಕ್ಕಿ ರಸ್ತೆ ಮುಳುಗಿದರೆ ಮುಳುಗಲಿ, ನಮಗೆ ಹೊರಗೆ ಕೆಲಸವೇ ಇರುತ್ತಿರಲಿಲ್ಲ.

ಅದೇ ಮಾತನ್ನು ನಿನಗೆ ಹೇಳಬೇಕು. ಹಿಮಗಾಳಿಗೆ ಹೆಚ್ಚಾಗಿ ಸಿಕ್ಕುವವರು ಹೊರಗೆ ಹೋದವರು. ಅವರು ಹೋಗುವುದಾದರೂ ಯಾಕೆ? ಮನೆಯಲ್ಲಿ ಯಾವುದೋ ಒಂದು ಸಣ್ಣ ಸಾಮಾನು ಇಲ್ಲ ಎಂದು. 2018ರ ಆಗಸ್ಟ್‌ನಲ್ಲಿ ನನಗೆ ಆಗಿದ್ದು ಅದೇ. ಅಕ್ಕಿ ಇತ್ತು, ಸೌದೆ ಇತ್ತು, ಟಾರ್ಚ್ ಇತ್ತು. ನಿನ್ನ ಅತ್ತೆಯ ಬಿ.ಪಿ. ಮಾತ್ರೆ ಮುಗಿದದ್ದನ್ನು ನಾನು ನೋಡಿಕೊಂಡಿರಲಿಲ್ಲ. ಒಂದು ಗಂಟೆಯಲ್ಲಿ ಬರುತ್ತೇನೆ ಎಂದು ಆ ಮಳೆಯಲ್ಲೇ ಜೀಪ್ ತೆಗೆದೆ. ಮಾತ್ರೆ ಸಿಕ್ಕಿತು. ವಾಪಸ್ ಬರುವಾಗ ದಾರಿಯಲ್ಲಿ ಗುಡ್ಡದ ಬರೆ ಜರಿದು ಅರ್ಧ ರಸ್ತೆಯೇ ಹೋಗಿತ್ತು. ಎರಡು ರಾತ್ರಿ ಯಾರದೋ ಮನೆಯ ಜಗಲಿಯಲ್ಲಿ ಕಳೆದೆ. ಇತ್ತ ಅವಳು ಕರೆಂಟ್ ಇಲ್ಲದ ಮನೆಯಲ್ಲಿ ಒಬ್ಬಳೇ, ಮಾತ್ರೆಯೂ ಇಲ್ಲದೆ. ಆ ಎರಡು ರಾತ್ರಿಯನ್ನು ನಾನು ಇವತ್ತಿಗೂ ಮರೆತಿಲ್ಲ ಮಗಳೇ. ಆದ್ದರಿಂದ ನಾಳೆ ಅಂಗಡಿಗೆ ಹೋಗುವ ಮುಂಚೆ ‘ಏನು ತಿನ್ನೋಣ’ ಎಂದು ಯೋಚಿಸಬೇಡ. ‘ಏನಿಲ್ಲದಿದ್ದರೆ ನಾವು ಹೊರಗೆ ಓಡುತ್ತೇವೆ’ ಎಂದು ಕೇಳಿಕೋ. ಮಗುವಿನ ಹಾಲು, ಡೈಪರ್, ಜ್ವರದ ಔಷಧಿ, ಅಳಿಯನ ಇನ್‌ಹೇಲರ್ ಮೊದಲು ಬರಲಿ. ಉಳಿದದ್ದು ಆಮೇಲೆ.

ನನ್ನ ಮಳೆ ಡೈರಿ ನೆನಪಿದೆಯಲ್ಲ, ದಿನಾ ಇಂಚು ಸೆಂಟು ಬರೆದಿಡುವುದು? ನಿಮ್ಮ ಊರಿನ ಹಿಮವನ್ನೂ ಆ ಲೆಕ್ಕದಲ್ಲಿ ನೋಡಿದೆ. 2022ರ ಕ್ರಿಸ್‌ಮಸ್ ಹೊತ್ತಿಗೆ ಬಫಲೋ ವಿಮಾನ ನಿಲ್ದಾಣದಲ್ಲಿ ನಾಲ್ಕು ದಿನಕ್ಕೆ 50 ಇಂಚಿಗೂ ಜಾಸ್ತಿ ಹಿಮ ಬಿದ್ದಿತ್ತು. ಸುಮಾರು ಹತ್ತು ಇಂಚು ಹಿಮ ಕರಗಿದರೆ ಒಂದು ಇಂಚು ನೀರು. ಅಂದರೆ ಐದು ಇಂಚು ಮಳೆ. ನಮ್ಮಲ್ಲಿ ಜುಲೈಯಲ್ಲಿ ಜೋರು ಹಿಡಿದರೆ ಅದು ಒಂದು ದಿನದ ಮಳೆ ಅಷ್ಟೇ. ಆದರೆ ನಮ್ಮ ಮಳೆ ಕಾವೇರಿಗೆ ಇಳಿದು ಹೋಗುತ್ತದೆ. ಹಿಮ ಬಿದ್ದಲ್ಲೇ ಕೂರುತ್ತದೆ. ನಿನ್ನ ಬಾಗಿಲಿಗೇ ಒರಗಿ ಕೂರುತ್ತದೆ. ಆ ಸಲ 37 ಗಂಟೆ ಹಿಮಗಾಳಿ ಬಿಡಲಿಲ್ಲ. ಆಂಬುಲೆನ್ಸ್, ಫೈರ್ ಎಂಜಿನ್‌ಗಳೇ ಸಿಕ್ಕಿಹಾಕಿಕೊಂಡವು. ನಿಮ್ಮ ಭಾಗದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಕೆಲವರು ಕಾರಿನಲ್ಲಿ, ಕೆಲವರು ಬೀದಿಯಲ್ಲಿ, ಕೆಲವರು ಬಿಸಿ ಇಲ್ಲದ ಮನೆಯಲ್ಲಿ. ಹಿಮ ಕಂಡರಿಯದ ಊರೇನಲ್ಲ ಅದು. ಅದಕ್ಕೇ ‘ಅಭ್ಯಾಸ’ ಎಂಬ ಮಾತು ಕೇಳಿ ನನಗೆ ಸಮಾಧಾನ ಆಗಲಿಲ್ಲ.

ಅಲ್ಲೇ ಯಾಕೆ ಅಷ್ಟು ಬೀಳುತ್ತದೆ ಎನ್ನುವುದು ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಅರಬ್ಬೀ ಸಮುದ್ರದ ಆವಿ ಹೊತ್ತು ಬಂದ ಗಾಳಿ ತಲಕಾವೇರಿ ಬೆಟ್ಟಕ್ಕೆ ಬಡಿದು ಇಲ್ಲಿ ಸುರಿಯುತ್ತದೆ, ಅಲ್ವಾ? ನಿಮಗೆ ಆ ಸಮುದ್ರ ಅಂದರೆ ಈರಿ ಸರೋವರ. ಕೊರೆಯುವ ಗಾಳಿ ಅದರ ಉದ್ದಕ್ಕೂ ಓಡಿ ಬರುತ್ತದೆ. ಕೆಳಗಿನ ನೀರು ಗಾಳಿಗಿಂತ ಬೆಚ್ಚಗಿರುತ್ತದೆ. ಆ ಆವಿಯನ್ನು ಹೀರಿಕೊಂಡು ಬಂದು ಆಚೆ ದಡದಲ್ಲಿರುವ ನಿಮ್ಮ ಮೇಲೆ ಸುರಿಯುತ್ತದೆ. ಇನ್ನೊಂದು ವಿಷಯ. ಹಿಮ ಎಷ್ಟು ಇಂಚು ಎನ್ನುವುದಕ್ಕಿಂತ ಗಾಳಿಯನ್ನು ನೋಡಬೇಕು. 1977ರಲ್ಲಿ ಸರೋವರ ಹೆಪ್ಪುಗಟ್ಟಿತ್ತು. ಅದರ ಮೇಲೆ ಮೊದಲೇ ಬಿದ್ದಿದ್ದ ಹಿಮವನ್ನು ಗಾಳಿ ಎತ್ತಿ ತಂದು ಊರಿನ ಮೇಲೆ ಸುರಿಯಿತು. ಹೊಸದಾಗಿ ಬಿದ್ದದ್ದು ಸ್ವಲ್ಪವೇ. ಗಂಟೆಗೆ 35 ಮೈಲಿ ಮೀರಿದ ಗಾಳಿ, ಕಾಲು ಮೈಲಿ ಆಚೆ ಏನೂ ಕಾಣದ ಹಾಗೆ, ಮೂರು ಗಂಟೆ ಬೀಸಿದರೆ ಮಾತ್ರ ಅವರು ‘ಬ್ಲಿಜರ್ಡ್’ ಎನ್ನುತ್ತಾರೆ. ಫೋನಿನಲ್ಲಿ ‘ವಾಚ್’ ಎಂದು ಬಂದರೆ ಬರಬಹುದು ಎಂದರ್ಥ. ‘ವಾರ್ನಿಂಗ್’ ಎಂದರೆ ಬಂತು ಎಂದೇ ತಿಳಿದುಕೋ. ವಾರ್ನಿಂಗ್ ಬರುವವರೆಗೆ ಕಾಯುತ್ತಾ ಕೂರಬೇಡ.

ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕದಲ್ಲಿ ಕಡಿಮೆ ಎಂದರೂ ಮೂರು ದಿನಕ್ಕೆ ತುಂಬಿಡು. ನಾನಾದರೆ ಐದು ದಿನಕ್ಕೆ ತುಂಬಿಡುತ್ತೇನೆ. ಒಲೆ ಇಲ್ಲದೆ ತಿನ್ನುವಂಥದ್ದು ಇರಲಿ. ಅವಲಕ್ಕಿ, ಬ್ರೆಡ್, ಬಾಳೆಹಣ್ಣು, ಕಡಲೆಬೀಜ. ಅಕ್ಕಿ ಮೂಟೆ ಇದ್ದೂ ಬೇಯಿಸಲು ಕರೆಂಟ್ ಇಲ್ಲದಿದ್ದರೆ ಏನು ಪ್ರಯೋಜನ? ನಾಳೆ ರಾತ್ರಿಯೇ ಫೋನ್, ಪವರ್ ಬ್ಯಾಂಕ್ ಎಲ್ಲ ಚಾರ್ಜ್ ಆಗಲಿ. ಮೇಣದಬತ್ತಿ ಬೇಡ, ಮಗು ಓಡಾಡುವ ಮನೆ. ಟಾರ್ಚ್ ಸಾಕು. ಇನ್ನು ನಲ್ಲಿಗಳು. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಪೈಪ್ ಒಡೆಯುತ್ತದೆ. ಹೊರಗೋಡೆ ಕಡೆಯ ನಲ್ಲಿಗಳಲ್ಲಿ ನೀರು ಸಣ್ಣಗೆ ತೊಟ್ಟಿಕ್ಕಲಿ. ಸಿಂಕ್ ಕೆಳಗಿನ ಕಪಾಟಿನ ಬಾಗಿಲು ತೆರೆದಿಡು, ಮನೆಯ ಬಿಸಿ ಪೈಪಿಗೆ ತಾಗಲಿ. ಇಡೀ ಮನೆಯ ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ ಎಂದು ಇವತ್ತೇ ಹುಡುಕಿ ನೋಡಿ.

ಈಗ ಹೇಳುವುದನ್ನು ಎರಡು ಸಲ ಓದು. ದ್ರಾಸ್‌ನಲ್ಲಿ ನಮಗೆ ಬುಖಾರಿ ಇತ್ತು, ಸೀಮೆಎಣ್ಣೆಯ ಒಲೆ. ಒಂದು ರಾತ್ರಿ ಪಕ್ಕದ ಟೆಂಟಿನಲ್ಲಿ ಚಳಿ ತಡೆಯಲಾರದೆ ಗಾಳಿ ಬರುವ ಸಂದುಗಳನ್ನೆಲ್ಲ ಕಂಬಳಿ ತುರುಕಿ ಮುಚ್ಚಿ ಮಲಗಿದರು. ಬೆಳಿಗ್ಗೆ ಒಬ್ಬ ಹುಡುಗ ಏಳಲಿಲ್ಲ. ಮುಖ ನಿದ್ದೆ ಮಾಡಿದವನ ಹಾಗೇ ಇತ್ತು. ಅವನನ್ನು ಕೊಂದದ್ದು ಒಲೆಯಿಂದ ಬಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮೊದಲು ತಲೆನೋವು, ವಾಂತಿ ಬಂದ ಹಾಗೆ, ಆಮೇಲೆ ಮಂಪರು. ಕರೆಂಟ್ ಹೋಯಿತೆಂದು ಗ್ಯಾಸ್ ಒಲೆ ಹಚ್ಚಿ ಮನೆ ಬಿಸಿ ಮಾಡಬೇಡಿ. ಇದ್ದಿಲಿನ ಗ್ರಿಲ್ ಒಳಗೆ ತರಲೇಬೇಡಿ. ಜನರೇಟರ್ ಗ್ಯಾರೇಜಿನಲ್ಲೂ ಇರಬಾರದು, ಮನೆಯಿಂದ 20 ಅಡಿಯಾದರೂ ದೂರ ಇರಬೇಕು. ನಿಮ್ಮ ಹೀಟರಿನ ಹೊಗೆ ಕೊಳವೆ ಮನೆಯ ಯಾವ ಗೋಡೆಯಿಂದ ಹೊರಬರುತ್ತದೆ ಎಂದು ನೋಡಿಕೊಳ್ಳಿ. ಹಿಮ ಅದನ್ನು ಮುಚ್ಚಿದರೆ ಆ ಹೊಗೆ ಒಳಗೇ ತಿರುಗುತ್ತದೆ. ಗಾಳಿ ನಿಂತಾಗ ಮೊದಲು ತೆರವು ಮಾಡಬೇಕಾದದ್ದು ಅದನ್ನೇ. ಈ ವಿಷಗಾಳಿ ಬಂದರೆ ಕೂಗುವ ಡಿಟೆಕ್ಟರಿನ ಬ್ಯಾಟರಿ ಇವತ್ತೇ ಬದಲಾಯಿಸಿ. ಅದು ಕೂಗಿದರೆ ಮಗುವನ್ನು ಎತ್ತಿಕೊಂಡು ಹೊರಗೆ ಬಂದು ಫೋನ್ ಮಾಡಿ. ಹೊರಗೆ ಬರಲೇಬೇಕಾದ ಹೊತ್ತು ಅದೊಂದೇ.

ಬಟ್ಟೆ ವಿಷಯ. ಅಜ್ಜ ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡೇ ಗದ್ದೆಗೆ ಇಳಿಯುತ್ತಿದ್ದರು. ಉಣ್ಣೆ ನೆನೆದರೂ ಸ್ವಲ್ಪ ಬಿಸಿ ಉಳಿಸಿಕೊಳ್ಳುತ್ತದೆ, ಹತ್ತಿ ನೆನೆದರೆ ಮೈಯ ಬಿಸಿಯನ್ನೇ ಕದಿಯುತ್ತದೆ. ಮೈಗೆ ತಾಗುವ ಬಟ್ಟೆ ಹತ್ತಿಯದು ಬೇಡ. ದಪ್ಪದ್ದು ಒಂದಕ್ಕಿಂತ ತೆಳ್ಳಗಿನ ಮೂರು ಮೇಲು. ಕಾಲುಚೀಲ ಒದ್ದೆಯಾದರೆ ಆಗಲೇ ಬದಲಾಯಿಸು. ಬೆರಳು, ಕಿವಿ, ಮೂಗಿನ ತುದಿ ಬೆಳ್ಳಗಾಗಿ ಸ್ಪರ್ಶ ಹೋದರೆ ತಿಕ್ಕಬೇಡ. ಹಿಮ ಹಚ್ಚಿ ಉಜ್ಜಬೇಕು ಎಂದು ಯಾರಾದರೂ ಹೇಳಿದರೆ ಕೇಳಲೇಬೇಡ. ಬೆಚ್ಚಗಿನ ನೀರಿನಲ್ಲಿ ಇಡಬೇಕು, ಸುಡುವ ನೀರಿನಲ್ಲಲ್ಲ. ಚಳಿಗೆ ನಡುಗುವವನ ಬಗ್ಗೆ ಅಷ್ಟು ಹೆದರಿಕೆ ಬೇಡ. ನಡುಗುತ್ತಿದ್ದವನು ನಡುಗುವುದು ನಿಲ್ಲಿಸಿ, ಮಾತು ತೊದಲಿ, ನಿದ್ದೆ ಬರುತ್ತದೆ ಎಂದರೆ ಪ್ರಾಣಕ್ಕೆ ಬಂದಿದೆ ಎಂದರ್ಥ. ಅಳಿಯನಿಗೂ ಒಂದು ಮಾತು. ಒಂದು ಪೆಗ್ ಹಾಕಿದರೆ ಮೈ ಬಿಸಿ ಎಂದು ನಮ್ಮ ಕೊಡಗಿನಲ್ಲಿ ಹೇಳುತ್ತಾರೆ. ಬಿಸಿ ಅನ್ನಿಸುವುದು ಚರ್ಮಕ್ಕೆ. ಒಳಗಿನ ಬಿಸಿ ಆ ದಾರಿಯಲ್ಲೇ ಹೊರಗೆ ಹೋಗುತ್ತದೆ. ಹಿಮಗಾಳಿ ಮುಗಿಯುವವರೆಗೆ ಬಾಟಲಿ ಕಪಾಟಿನಲ್ಲೇ ಇರಲಿ.

ಕಾರಿನ ಟ್ಯಾಂಕ್ ತುಂಬಿಸಿಡಿ, ಆದರೆ ತೆಗೆಯಬೇಡಿ. ಡ್ರೈವಿಂಗ್ ನಿಷೇಧ ಹೊರಡಿಸಿದರೆ ಕಚೇರಿಯವರು ಏನೇ ಹೇಳಲಿ, ಹೋಗಕೂಡದು. ಮೊದಲೇ ಹೊರಟು ದಾರಿಯಲ್ಲಿ ಸಿಕ್ಕಿಬಿದ್ದರೆ ಕಾರು ಬಿಟ್ಟು ನಡೆಯಬೇಡಿ. ದ್ರಾಸ್‌ನಲ್ಲಿ ಬ್ಯಾರಕ್‌ನಿಂದ ಅಡುಗೆಮನೆಗೆ ಹಗ್ಗ ಕಟ್ಟಿರುತ್ತಿದ್ದೆವು, ಅದನ್ನು ಹಿಡಿದೇ ಹೋಗಬೇಕು. ಐವತ್ತು ಹೆಜ್ಜೆ ಅಷ್ಟೇ. ಆದರೂ ಬಿಳಿ ಗಾಳಿ ಎದ್ದರೆ ನಮ್ಮ ಕೈಯೇ ನಮಗೆ ಕಾಣುತ್ತಿರಲಿಲ್ಲ. ಕಾರಿನಲ್ಲಿ ಕಂಬಳಿ, ಸಲಿಕೆ, ನೀರು, ಕೆಂಪು ಬಟ್ಟೆ ಇರಲಿ. ಬಟ್ಟೆಯನ್ನು ಆಂಟೆನಾಗೆ ಕಟ್ಟಿ. ಹೊಗೆ ಕೊಳವೆಯ ಸುತ್ತ ಹಿಮ ತೆಗೆದ ಮೇಲೆಯೇ ಎಂಜಿನ್ ಶುರು ಮಾಡಿ. ಗಂಟೆಗೆ ಹತ್ತು ನಿಮಿಷ ಸಾಕು, ಆಗ ಕಿಟಕಿ ಒಂದಿಷ್ಟು ತೆರೆದಿರಲಿ.

ಪಕ್ಕದ ಮನೆಯಲ್ಲಿ ವಯಸ್ಸಾದ ಒಬ್ಬರು ಹೆಂಗಸು ಒಬ್ಬರೇ ಇದ್ದಾರೆ ಎಂದಿದ್ದೆಯಲ್ಲ? ನಾಳೆ ನೀನು ಅಂಗಡಿಗೆ ಹೊರಡುವಾಗ ಅವರ ಬಾಗಿಲು ತಟ್ಟು. ಮಾತ್ರೆ ಇದೆಯಾ, ಏನಾದರೂ ತರಬೇಕಾ ಎಂದು ಕೇಳು. ಫೋನ್ ನಂಬರ್ ತೆಗೆದುಕೋ. 2018ರಲ್ಲಿ ನಾನು ರಸ್ತೆಯಲ್ಲಿ ಸಿಕ್ಕಿಬಿದ್ದಾಗ ಕೆಳಗೆ ತೋಟದ ಆಳುಗಳ ಲೈನ್‌ಮನೆಯ ಹೆಂಗಸರು ಸಂಜೆಯಾಗುತ್ತಲೇ ಬಂದು ನಿನ್ನ ಅತ್ತೆಯ ಜೊತೆ ಮಲಗಿದರು. ಯಾರೂ ಅವರಿಗೆ ಹೇಳಿರಲಿಲ್ಲ. ಗಾಳಿ ನಿಂತ ಮೇಲೆ ಆ ಪಕ್ಕದ ಮನೆಯವರ ಬಾಗಿಲಿನ ಹಿಮವನ್ನೂ ಅಳಿಯ ತೆಗೆಯಲಿ. ಆ ವಯಸ್ಸಿನವರು ಸಲಿಕೆ ಹಿಡಿದರೆ ಎದೆಗೆ ಬೀಳುತ್ತದೆ. ಅಳಿಯನೂ ಎತ್ತಿ ಎಸೆಯುವುದು ಬೇಡ, ಸ್ವಲ್ಪ ಸ್ವಲ್ಪ ತಳ್ಳಿದರೆ ಸಾಕು, ನಡುವೆ ನಿಂತು ನಿಂತು ಮಾಡಲಿ.

ಇಲ್ಲಿ ರೋಬಸ್ಟಾ ಕೊಯ್ಲು ಅರ್ಧ ಆಗಿದೆ. ನಿನ್ನೆ ಮೊನ್ನೆ ಮೋಡ ಇತ್ತು. ಟಾರ್ಪಾಲ್ ಎಳೆಯುವುದು, ಬಿಚ್ಚುವುದು ಇದೇ ಕೆಲಸ. ಇವತ್ತು ಹೊಳಪಿನ ಬಿಸಿಲೇ ಇತ್ತು, ಆದರೂ ಆಳುಗಳು ಹೋಗುವ ಮೊದಲು ಮುಚ್ಚಿಸಿಬಿಟ್ಟೆ. ನಿನ್ನ ಅತ್ತೆ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ, ಬರುವ ತಿಂಗಳು ಬರುವವರ ಕೈಯಲ್ಲಿ ಕಳಿಸುತ್ತೇವೆ.

ಹಿಮ ಶುರುವಾದ ಮೇಲೆ ವಿಡಿಯೋ ಕಾಲ್ ಮಾಡಬೇಡ, ಚಾರ್ಜ್ ಉಳಿಯಲಿ. ಬೆಳಿಗ್ಗೆ ಒಂದು, ರಾತ್ರಿ ಒಂದು ಮೆಸೇಜ್ ಹಾಕು. ‘ಒಳಗಿದ್ದೇವೆ’ ಎಂದು ಒಂದೇ ಮಾತು ಸಾಕು. ನಿಮ್ಮ ರಾತ್ರಿ ನಮಗೆ ಬೆಳಿಗ್ಗೆ. ನಾನು ಎದ್ದಿರುತ್ತೇನೆ.

ಮರಿಗೆ ಮುತ್ತು.

ನಿನ್ನ
ಮಾವ