ಮ್ಯಾಟಿಗೂ ಕೈ ಮುಗಿ, ಮಗಳೇ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದಾಗ ಕಬ್ಬು ಕಡಿಯೋ ಗ್ಯಾಂಗಿನವರು ಬಂದಿದ್ದರು, ಸರಿಯಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಈ ಪತ್ರ. ಕುಸ್ತಿಗೆ ಇಳಿಯೋ ಮುಂಚೆ ನೀನು ಮ್ಯಾಟ್ ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತೀ. "ಅದು ಮಣ್ಣಲ್ಲ, ಫೋಮು. ಅದಕ್ಯಾಕೆ ನಮಸ್ಕಾರ?" ಅಂತ ಹಾಸ್ಟೆಲ್ಲಿನ ಗೆಳತಿ ಕೇಳಿದಳಂತೆ. ನಿನಗೂ ಏನು ಹೇಳಬೇಕು ತಿಳಿಯಲಿಲ್ಲ ಅಂದೆ.

ನಮ್ಮ ಮುಧೋಳ ಸೀಮೆಯಲ್ಲಿ ಗರಡಿ ಮನೆಯನ್ನು ಗುಡಿಯಷ್ಟೇ ಮಡಿಯಿಂದ ಇಟ್ಟುಕೊಳ್ಳುತ್ತಾರೆ. ಚಪ್ಪಲಿ ಹೊರಗೆ. ಗೂಡಿನಲ್ಲಿ ಹನುಮಪ್ಪ, ಕೆಳಗೆ ಕೆಮ್ಮಣ್ಣಿನ ಕಣ. ಆ ಮಣ್ಣಿಗೆ ಎಷ್ಟು ಚಾಕರಿ ಬೇಕು ಅಂತ ನಿನಗೆ ಗೊತ್ತು. ಜರಡಿ ಹಿಡಿದು ಹರಳು ತೆಗೀಬೇಕು. ಮಜ್ಜಿಗೆ, ಎಣ್ಣೆ, ಅರಿಶಿಣ, ನಿಂಬೆರಸ, ಕರ್ಪೂರ ಹಾಕಿ ಕಲಸಬೇಕು. ದಿನಾ ಅಗೆದು ಸಡಿಲ ಮಾಡಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳು ಒತ್ತಿದರೆ ಉದುರಬೇಕು. ಬಿದ್ದವನ ಬೆನ್ನಿಗೆ ಪೆಟ್ಟಾಗಬಾರದು, ತರಚಿದ ಗಾಯ ನಂಜಾಗಬಾರದು. "ನಾವು ಯಾರನ್ನ ಚಿತ್ ಮಾಡ್ತೀವೋ ಅವನ ಸಲುವಾಗಿ ಮಣ್ಣು ಹದ ಮಾಡಬೇಕು" ಅಂತ ನಿನ್ನ ಅಜ್ಜ ಹೇಳುತ್ತಿದ್ದ. ಭಕ್ತಿ ಅಂದರೆ ಏನು ಅಂತ ನನಗೆ ತಿಳಿದದ್ದು ಆ ಮಾತಿನಿಂದ. ಪುರಾಣ, ಪ್ರವಚನ ನಾನು ಬೇಕಾದಷ್ಟು ಕೇಳಿದ್ದೇನೆ. ಇದರಷ್ಟು ಯಾವುದೂ ಮನಸ್ಸಿಗೆ ಇಳಿದಿಲ್ಲ.

ಅಜ್ಜನಿಗೆ ಪಟ್ಟು ಕಲಿಸಿದ ಉಸ್ತಾದರು ಮುಸಲ್ಮಾನರು. ಶನಿವಾರ ಹನುಮಪ್ಪನ ಮುಂದೆ ದೀಪದ ಎಣ್ಣೆ ಅವರ ಮನೆಯಿಂದಲೇ ಬರುತ್ತಿತ್ತು. ತಾಲೀಮಿಗೆ ಮುಂಚೆ ಅವರು ಅಲ್ಲಾನ ಹೆಸರು ಹೇಳಿ ಚಿಟಿಕೆ ಮಣ್ಣು ಹಣೆಗೆ ಹಚ್ಚಿಕೊಳ್ಳುತ್ತಿದ್ದರು, ಅಜ್ಜ ಹನುಮಪ್ಪನ ಹೆಸರು ಹೇಳಿ. ಮೊಹರಂ ಬಂದರೆ ನಿನ್ನ ಅಜ್ಜಿ ಚೊಂಗೆ ಅನ್ನೋ ಸಿಹಿ ಮಾಡಿ ಮೊಹರಮ್ಮಿನ ಅಲಾಯಿ ದೇವರಿಗೆ ಒಯ್ಯುತ್ತಿದ್ದಳು. ಇದನ್ನ ಯಾರೂ ದೊಡ್ಡ ವಿಷಯ ಮಾಡಿ ಹೇಳುತ್ತಿರಲಿಲ್ಲ.

ಆದರೆ ಹೆಣ್ಣುಮಕ್ಕಳು ಹೊಸ್ತಿಲು ದಾಟುವ ಹಾಗಿರಲಿಲ್ಲ. ಹನುಮಪ್ಪ ಬ್ರಹ್ಮಚಾರಿ ಅಂತ ಕಾರಣ ಹೇಳುತ್ತಿದ್ದರು. ನಾನು ಬಾದಾಮಿ ಅರೆದ ಹಾಲಿನ ಚೊಂಬು ಹಿಡಿದು ಹೊರಗೆ ನಿಲ್ಲುತ್ತಿದ್ದೆ. ಒಳಗಿಂದ ತೊಡೆ ತಟ್ಟುವ ಸಪ್ಪಳ ಕೇಳುತ್ತಿತ್ತು. ಜಾತ್ರೆಯಲ್ಲಿ ಮಾತ್ರ ದೂರದಿಂದ ನೋಡಬಹುದಿತ್ತು. ಮೊದಲು ಸಣ್ಣ ಹುಡುಗರ ತೆಂಗಿನಕಾಯಿ ಕುಸ್ತಿ, ಕಡೆಗೆ ಬೆಳ್ಳಿ ಕಡಗದ ಜಂಗಿ ನಿಕಾಲಿ ಕುಸ್ತಿ, ಅಂದರೆ ಸೋಲು ಗೆಲುವು ತೀರ್ಮಾನ ಆಗೋ ತನಕ ನಡೆಯೋ ದೊಡ್ಡ ಕುಸ್ತಿ. ಅಜ್ಜ ಗೆದ್ದ ಕಡಗ ಈಗ ದೇವರ ಜಗಲಿ ಮೇಲಿದೆ.

2016ರಲ್ಲಿ ಸಾಕ್ಷಿ ಮಲಿಕ್ ರಿಯೋದಲ್ಲಿ ಕಂಚು ಗೆದ್ದಳಲ್ಲ, ನೀನಾಗ ತುಂಬಾ ಸಣ್ಣವಳು. 0-5 ಹಿಂದೆ ಬಿದ್ದವಳು 8-5ರಲ್ಲಿ ಗೆದ್ದದ್ದನ್ನು ಟಿವಿಯವರು ಮತ್ತೆ ಮತ್ತೆ ತೋರಿಸುತ್ತಿದ್ದರು. ಅಜ್ಜ ಕಣ್ಣು ಕೀಳಲಿಲ್ಲ. ಅವನಿಗೆ ಅಲ್ಲೀತನಕ ಒಲಿಂಪಿಕ್ಸ್ ಕಂಚು ಅಂದರೆ ಖಾಶಾಬಾ ಜಾಧವ್. ನಮ್ಮ ಕೃಷ್ಣೆಯೇ ಹರಿಯುವ ಕರಾಡದ ಕಡೆಯವರು, 1952ರಲ್ಲಿ ಹೆಲ್ಸಿಂಕಿಯಲ್ಲಿ ಗೆದ್ದವರು. ಅವರನ್ನು ಕಳಿಸಲು ಕೊಲ್ಹಾಪುರದ ಕಾಲೇಜಿನ ಪ್ರಿನ್ಸಿಪಾಲರು ಸ್ವಂತ ಮನೆ ಅಡವಿಟ್ಟ ಕಥೆ ನಿನಗೂ ಬಾಯಿಪಾಠ ಆಗಿದೆ.

ಸ್ವಲ್ಪ ದಿನಕ್ಕೆ ಅಜ್ಜ ಹಿತ್ತಲಲ್ಲಿ ಒಂದು ಟ್ರಾಲಿ ಕೆಮ್ಮಣ್ಣು ಹಾಕಿಸಿದ. ಹುಣಸೆ ಗಿಡಕ್ಕೆ ಹನುಮಪ್ಪನ ಫೋಟೋ ಕಟ್ಟಿದ. ಊರ ಹಿರಿಯರು ಬಂದು ತಕರಾರು ತೆಗೆದರು. ಅಜ್ಜ ದನಿ ಏರಿಸದೆ ಹೇಳಿದ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ: "ಹನುಮಪ್ಪ ಸೀತವ್ವನ್ನ ತಾಯಿ ಅಂದಾವ. ಅವಗ ಹೆಣಮಕ್ಕಳು ಹೆಂಗ ಮೈಲಿಗಿ ಆಗ್ತಾರ?" ಆ ಸಂಜೆ ನೀನು ಮಣ್ಣಿಗೆ ಇಳಿದೆ. ನಾನೂ ಇಳಿದೆ, ಸುಮ್ನೆ ನಿನ್ನ ಕೈ ಹಿಡಿದುಕೊಂಡು ನಿಲ್ಲಲು. ಪಾದದ ಅಡಿ ಆ ಮಣ್ಣು ಅಷ್ಟು ತಣ್ಣಗಿರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ.

ಹಾಗಾಗಿ ಗೆಳತಿಗೆ ಹೇಳು. ಮ್ಯಾಟ್ ಫೋಮಿನದೇ. ಅದೂ ಬಿದ್ದವರನ್ನು ಕಾಯುತ್ತದೆ, ಅದನ್ನೂ ಯಾರೋ ಬೆಳಿಗ್ಗೆ ಎದ್ದು ಒರೆಸಿರುತ್ತಾರೆ. ಮುಟ್ಟಿ ಹಣೆಗೆ ಹಚ್ಚಿಕೊಂಡರೆ ತಪ್ಪೇನು? ಎದುರಿನ ಹುಡುಗಿ ಯಾವ ದೇವರನ್ನು ನೆನೆದರೂ ಅವಳಿಗೂ ಅದೇ ಮನಸ್ಸಿನಿಂದ ಕೈ ಕೊಡು.

ಇನ್ನೊಂದು ಮಾತು, ಇದರಲ್ಲಿ ನಾನು ಗಟ್ಟಿ. ತೂಕ ಇಳಿಸಲು ಊಟ ಬಿಟ್ಟು ಅದಕ್ಕೆ ಶನಿವಾರದ ಒಪ್ಪತ್ತು ಅಂತ ಹೆಸರಿಡಬೇಡ. 2024ರಲ್ಲಿ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 100 ಗ್ರಾಂ ಜಾಸ್ತಿ ಬಂದು ಫೈನಲ್ ಕಳೆದುಕೊಂಡಾಗ ನೀನು ಎಷ್ಟು ಅತ್ತೆ, ನನಗೆ ನೆನಪಿದೆ. ಆ ಹೆದರಿಕೆ ಅರ್ಥ ಆಗುತ್ತೆ. ತೂಕದ ಲೆಕ್ಕ ಕೋಚ್ ಹತ್ತಿರ ಕೂತು ಮಾಡು, 50 ಕೆಜಿ ವಿಭಾಗ ಕಷ್ಟ ಆದರೆ 53 ಕೆಜಿಗೆ ಹೋಗು. ನೀರು ಬಿಟ್ಟು ತಲೆ ತಿರುಗಿ ಬೀಳು ಅಂತ ಹನುಮಪ್ಪ ಯಾರಿಗೂ ಹೇಳಿಲ್ಲ.

ಅಂಟಿನುಂಡಿ ಕಳಿಸಿದ್ದೇನೆ, ಗೆಳತಿಗೂ ಕೊಡು. ಅಜ್ಜನಿಗೆ ಈಗ ಮೊಣಕಾಲು ಬಗ್ಗಲ್ಲ, ಹಿತ್ತಲ ಮಣ್ಣಿಗೆ ಜರಡಿ ನಾನೇ ಹಿಡಿಯುತ್ತೇನೆ. ಓಣಿಯ ಇಬ್ಬರು ಹುಡುಗಿಯರು ಸಂಜೆ ಬರುತ್ತಿದ್ದಾರೆ. ಅವರಿಗೆ ಢಾಕ್ ಪಟ್ಟು ಕಲಿಯಬೇಕಂತೆ. ಅಜ್ಜ ಕಟ್ಟೆ ಮೇಲೆ ಕೂತು ಬಾಯಲ್ಲಿ ಹೇಳುತ್ತಾನೆ, ಮಾಡಿ ತೋರಿಸಲು ಯಾರೂ ಇಲ್ಲ. ರಜೆಗೆ ಬಂದಾಗ ಎರಡು ದಿನ ಜಾಸ್ತಿ ಇರುವ ಹಾಗೆ ಬಾ.

ನಿನ್ನ ಅವ್ವ