ಯಾವ ಪ್ರಾಣಿ ಅಂತಾನೂ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ‘ಪ್ರಾಣಿಗಳ ಮೇಲೆ ಹೊಸ ಲಸಿಕೆ ಯಶಸ್ವಿ’ ಎಂಬ ಸುದ್ದಿ ಬಂದಿತ್ತು. ಮರುದಿನ ಬೆಳಿಗ್ಗೆ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಗೆಳೆಯರೊಬ್ಬರು, “ಇನ್ನೇನ್ರೀ, ಇಂಜೆಕ್ಷನ್ ಬಂದಂಗ ಆತಲ್ಲ” ಅಂದರು. ಯಾವ ಪ್ರಾಣಿ ಅಂತ ಮನೆಗೆ ಬಂದು ಮತ್ತೆ ಓದಿದೆ. ಎಲ್ಲೂ ಇರಲಿಲ್ಲ.

ನಾನು 29 ವರ್ಷ ಕಾಲೇಜೊಂದರ ಅನಿಮಲ್ ಹೌಸ್‌ನಲ್ಲಿ, ಅಂದರೆ ಪ್ರಯೋಗದ ಪ್ರಾಣಿ ಸಾಕುವ ಕಡೆ, ಕೆಲಸ ಮಾಡಿದವನು. ಪಂಜರದ ಹೊಟ್ಟು ಬದಲಿಸುವುದು, ಮೊಲಗಳಿಗೆ ಕುದುರೆ ಮೆಂತ್ಯ, ಗಿನಿಪಿಗ್‌ಗಳಿಗೆ ಎಲೆಕೋಸು ಹಾಕುವುದು ನನ್ನ ಬೆಳಗಿನ ಕೆಲಸ. ಗಿನಿಪಿಗ್‌ಗೆ ನಮ್ಮ ಹಾಗೆಯೇ ವಿಟಮಿನ್ ಸಿ ತಿಂದೇ ಸಿಗಬೇಕು. ಇಲಿಯ ಮೈ ಅದನ್ನು ತಾನೇ ಮಾಡಿಕೊಳ್ಳುತ್ತದೆ. ಊಟದಲ್ಲೇ ಇಷ್ಟು ವ್ಯತ್ಯಾಸ ಇದ್ದರೆ ಲಸಿಕೆಯಲ್ಲಿ ಇರದೆ ಇರುತ್ತದೆಯೇ?

2020ರ ಕೊರೊನಾ ನೋಡಿ. ಆಗಿನ ವೈರಸ್ ಸಾಮಾನ್ಯ ಬಿಳಿ ಇಲಿಯ ಜೀವಕೋಶಕ್ಕೆ ಸರಿಯಾಗಿ ಅಂಟುತ್ತಲೇ ಇರಲಿಲ್ಲ. ಲಸಿಕೆ ಚುಚ್ಚಿದರೆ ಇಲಿಯ ರಕ್ತದಲ್ಲಿ ಆಂಟಿಬಾಡಿ (ರೋಗಾಣುವಿನ ವಿರುದ್ಧ ಮೈ ತಾನೇ ಮಾಡಿಕೊಳ್ಳುವ ಪದಾರ್ಥ) ಬರುತ್ತದೆ, ನಿಜ. ಆದರೆ ಅದು ರೋಗ ತಡೆಯಿತೋ ಇಲ್ಲವೋ ಹೇಗೆ ಗೊತ್ತಾಗಬೇಕು? ಆ ಇಲಿಗೆ ರೋಗವೇ ಬರುವುದಿಲ್ಲ ಅಲ್ವಾ! ಅದಕ್ಕೇ ಹ್ಯಾಮ್‌ಸ್ಟರ್ (ಇಲಿಯಂಥದೇ ಒಂದು ಸಣ್ಣ ಪ್ರಾಣಿ) ಬೇಕಾಯಿತು, ಮನುಷ್ಯರ ಜೀನ್ ಸೇರಿಸಿದ ಇಲಿ ಬೇಕಾಯಿತು. ಕೊವ್ಯಾಕ್ಸಿನ್ ಅನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು 20 ರೀಸಸ್ ಮಂಗಗಳ ಮೇಲೂ ನೋಡಿದರು. ಲಸಿಕೆ ಕೊಟ್ಟು, ಆಮೇಲೆ ವೈರಸ್ಸನ್ನೂ ಕೊಟ್ಟು ನೋಡಿದರು. ಫ್ಲೂ ಪ್ರಯೋಗಕ್ಕೆ 1933ರಿಂದ ಫೆರೆಟ್ ಬಳಸುತ್ತಾರೆ. ಮುಂಗುಸಿಯಂಥ ಪ್ರಾಣಿ. ನಮ್ಮಂತೆಯೇ ಅದಕ್ಕೂ ಜ್ವರ ಬರುತ್ತದೆ, ಸೀನುತ್ತದೆ.

ಇಲಿ ಅಂದರೂ ಎಲ್ಲ ಒಂದೇ ಅಲ್ಲ. ಬಿಳಿಯ ಬಾಲ್ಬ್-ಸಿ ತಳಿ ಆಂಟಿಬಾಡಿ ಮಾಡುವ ಕಡೆ ಜಾಸ್ತಿ ವಾಲುತ್ತದೆ. ಕಪ್ಪು ಸಿ57 ತಳಿಯಲ್ಲಿ ಸೋಂಕಿದ ಜೀವಕೋಶವನ್ನೇ ಕೊಲ್ಲುವ ಮೈಯ ರಕ್ಷಣಾ ಪಡೆಯ ಜೋರು ಜಾಸ್ತಿ. ಒಂದೇ ತಳಿ ನೋಡಿ ತೀರ್ಮಾನ ಮಾಡಿದರೆ ಅರ್ಧ ಕಥೆ ಅಷ್ಟೇ.

ತಪ್ಪು ಪ್ರಾಣಿ ಆರಿಸಿದರೆ ಜನರಿಗೆ ಸುಳ್ಳು ಆಸೆ, ಆ ಪ್ರಾಣಿಯ ಜೀವವೂ ಸುಮ್ನೆ ಹೋಗುತ್ತದೆ. ಪ್ರಯೋಗ ಮುಗಿದ ಮೇಲೆ ಪಂಜರ ತೊಳೆದವನು ನಾನು. ಆ ದಿನಗಳಲ್ಲಿ ಊಟ ಸೇರುತ್ತಿರಲಿಲ್ಲ.

ಇಂಥ ಸುದ್ದಿ ಹಾಕುವಾಗ ದಯವಿಟ್ಟು ಎರಡು ಸಾಲು ಜಾಗ ಕೊಡಿ: ಯಾವ ಪ್ರಾಣಿ, ಆ ರೋಗ ಅದಕ್ಕೆ ಬರುತ್ತದೆಯೇ, ಬರೀ ರಕ್ತ ನೋಡಿದರೋ ಅಥವಾ ರೋಗಾಣು ಕೊಟ್ಟೂ ನೋಡಿದರೋ.

– ನಿವೃತ್ತ ಅನಿಮಲ್ ಹೌಸ್ ಅಟೆಂಡರ್, ಬೆಳಗಾವಿ