ಹಳೆಯ ಚಿತ್ರವನ್ನು ಮತ್ತೆ ನೋಡಿ ಬರೆಯುವವರಿಗೆ

ಮಾಟುಂಗ, ಮುಂಬಯಿ

ಪ್ರೀತಿಯ ಯುವ ಮಿತ್ರರೇ,

‘ಛೋಟೀ ಸೀ ಬಾತ್’ ಎಂಬ ಹಿಂದಿ ಚಿತ್ರವನ್ನು ಮತ್ತೆ ನೋಡಿ ನೀವು ಬರೆದ ಲೇಖನವನ್ನು ನಿಧಾನವಾಗಿ ಓದಿದೆ. ಭಾಷೆ ಹದವಾಗಿದೆ, ಚಿತ್ರದ ಮೇಲಿನ ಪ್ರೀತಿಯೂ ನಿಜವಾದದ್ದು. ಆದರೆ ಲೇಖನದ ಮುಕ್ಕಾಲು ಪಾಲು ಆ ಕಾಲ ಎಷ್ಟು ಚೆನ್ನಾಗಿತ್ತು, ಆಗಿನ ಪ್ರೇಮ ಎಷ್ಟು ಮುಗ್ಧವಾಗಿತ್ತು ಎಂಬ ಮಾತಿನಲ್ಲೇ ಕಳೆದುಹೋಗುತ್ತದೆ. ತೆರೆಯ ಮೇಲೆ ನಡೆಯುವುದೇನು ಎಂಬುದು ಓದುಗರಿಗೆ ಕಾಣುವುದೇ ಇಲ್ಲ. ನಿಮ್ಮ ನೆನಪುಗಳನ್ನು ಬರೆಯುವ ಮೊದಲು ಚಿತ್ರವನ್ನು ಬರೆಯಿರಿ ಎಂದು ಕೇಳಿಕೊಳ್ಳುವುದಕ್ಕೇ ಈ ಪತ್ರ.

1976ರ ಈ ಚಿತ್ರದ ಕಥೆ ಸಣ್ಣದು. ಗುಮಾಸ್ತನಂಥ ಸಂಕೋಚದ ಅರುಣ್, ಬಸ್ ಸ್ಟಾಪಿನಲ್ಲಿ ದಿನವೂ ಕಾಣುವ ಪ್ರಭಾಳನ್ನು ಮನಸಾರೆ ಮೆಚ್ಚಿದರೂ ಬಾಯಿಬಿಡಲಾರ. ಅವಳ ಸಹೋದ್ಯೋಗಿ ನಾಗೇಶ್ ಸ್ಕೂಟರ್ ತಂದು ನಿಲ್ಲಿಸಿ ಅವಳನ್ನು ಕೂರಿಸಿಕೊಂಡು ಹೋಗಿಬಿಡುತ್ತಾನೆ. ಸೋತ ಅರುಣ್ ಗಿರಿಧಾಮ ಖಂಡಾಲಾದಲ್ಲಿರುವ ಕರ್ನಲ್ ಒಬ್ಬರ ಬಳಿ ಧೈರ್ಯದ ಪಾಠ ಹೇಳಿಸಿಕೊಂಡು ಮರಳುತ್ತಾನೆ. ಈ ಚೌಕಟ್ಟು 1960ರ ಬ್ರಿಟಿಷ್ ಚಿತ್ರ ‘ಸ್ಕೂಲ್ ಫಾರ್ ಸ್ಕೌಂಡ್ರಲ್ಸ್’ನಿಂದ ಬಂದದ್ದು. ನೀವು ಅದನ್ನು ಹೇಳದೆ ಬಿಟ್ಟಿದ್ದೀರಿ, ಬಹುಶಃ ಚಿತ್ರದ ಮರ್ಯಾದೆ ಕಡಿಮೆಯಾದೀತೆಂಬ ಅಳುಕಿನಿಂದ. ಹೇಳಿಬಿಡಿ, ನಿರ್ದೇಶಕ ಬಾಸು ಚಟರ್ಜಿ ತಮ್ಮ ಕಡೆಯಿಂದ ಸೇರಿಸಿದ್ದೇನೆಂಬುದು ಆಗಲೇ ಎದ್ದು ಕಾಣುವುದು.

ಅವರು ಸೇರಿಸಿದ್ದು ಈ ಮುಂಬಯಿ ಊರನ್ನು. ನಗರಸಾರಿಗೆಯ ಬೆಸ್ಟ್ ಬಸ್ಸಿನ ಸಾಲು, ಫೈಲುಗಳ ಕಚೇರಿ, ಜಹಾಂಗೀರ್ ಆರ್ಟ್ ಗ್ಯಾಲರಿಯೊಳಗೆ 2015ರವರೆಗೂ ಇದ್ದ ಸಮೋವರ್ ಉಪಾಹಾರಗೃಹ, ಇವೆಲ್ಲ ಅಲ್ಲಿ ಬರಿಯ ಹಿನ್ನೆಲೆಯಾಗಿ ಉಳಿಯದೆ ಕಥೆಯನ್ನೇ ನಡೆಸುತ್ತವೆ: ಬಸ್ಸು ತಡವಾದರೆ ಅರುಣನಿಗೆ ಅವಕಾಶ, ಸ್ಕೂಟರ್ ಬಂದರೆ ಅವಕಾಶ ಕೈತಪ್ಪಿದಂತೆ. ಸಿನಿಮಾಕ್ಕೆ ಬರುವ ಮೊದಲು ಬಾಸು ಅವರು ‘ಬ್ಲಿಟ್ಜ್’ ವಾರಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದರು. ಪ್ರಭಾ ಮುಂದೆ, ಅರುಣ್ ಹಿಂದೆ, ಅವಳು ನಿಂತರೆ ಅವನೂ ನಿಂತು ಇನ್ನೆಲ್ಲೋ ನೋಡುವ ದೃಶ್ಯದಲ್ಲಿ ಆ ಕೈಯ ಪಳಗಿಕೆ ನನಗೆ ಕಾಣುತ್ತದೆ. ಅರುಣನ ಪಾತ್ರ ಮಾಡಿದ ಅಮೋಲ್ ಪಾಲೇಕರ್ ಕೂಡ ಒಂದು ಕಾಲದಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡಿದವರು. ನಮ್ಮ ಕರಾವಳಿಯಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಫೋರ್ಟ್ ಪ್ರದೇಶದ ಕಚೇರಿಗಳನ್ನು ಸೇರಿದ ತಲೆಮಾರಿನವರು ಅರುಣನಲ್ಲಿ ತಮ್ಮನ್ನೇ ಕಂಡಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

‘ಜಾನೇಮನ್ ಜಾನೇಮನ್’ ಹಾಡನ್ನು ನೀವು ಮಧುರ ಗೀತೆಯೆಂದು ಕರೆದು ಮುಂದೆ ಸಾಗಿದ್ದೀರಿ. ಅಲ್ಲಿ ದಯವಿಟ್ಟು ನಿಲ್ಲಿ. ಅರುಣ್ ಕುಳಿತ ಚಿತ್ರಮಂದಿರದ ತೆರೆಯ ಮೇಲೆ ಧರ್ಮೇಂದ್ರ, ಹೇಮಾಮಾಲಿನಿ ಹಾಡುತ್ತಿದ್ದಾರೆ. ನೋಡನೋಡುತ್ತಿದ್ದಂತೆ ಅವರ ಜಾಗದಲ್ಲಿ ತಾನೂ ಪ್ರಭಾಳೂ ಇರುವಂತೆ ಅವನು ಕಲ್ಪಿಸಿಕೊಳ್ಳುತ್ತಾನೆ. ಮುಂದೆ ಖಂಡಾಲಾದಲ್ಲಿ ಸ್ವತಃ ಅಮಿತಾಭ್ ಬಚ್ಚನ್ ಕರ್ನಲರ ಸಲಹೆ ಕೇಳಲು ಬರುತ್ತಾರೆ. ‘ದೀವಾರ್’, ‘ಶೋಲೆ’ ಬಂದ ವರ್ಷದ ಬೆನ್ನಿಗೇ ತೆರೆಕಂಡ ಚಿತ್ರವಿದು ಎಂಬುದನ್ನು ನೆನೆದರೆ, ಸಾಮಾನ್ಯ ಮನುಷ್ಯನನ್ನು ನಾಯಕನ ಪೀಠದಲ್ಲಿ ಕೂರಿಸಿ ತಾರೆಯರನ್ನು ಅತಿಥಿಗಳಾಗಿ ಕರೆಸಿಕೊಂಡ ಆ ಧೈರ್ಯದ ಅಳತೆ ಸಿಗುತ್ತದೆ.

ಇನ್ನು ಕಷ್ಟದ ವಿಷಯಕ್ಕೆ ಬರುತ್ತೇನೆ. ಹೆಣ್ಣುಮಗಳೊಬ್ಬಳ ಹಿಂದೆ ದಿನವೂ ನಡೆಯುವುದನ್ನು ಇಂದು ನಾವು ಮುಗ್ಧತೆ ಎನ್ನಲಾರೆವು, ಎನ್ನಲೂಬಾರದು. ನಿಮ್ಮ ಲೇಖನ ಇದನ್ನು ಮುಟ್ಟುವುದೇ ಇಲ್ಲ. ಇಂದಿನ ಓದುಗರು ಮೊದಲು ಕೇಳುವ ಪ್ರಶ್ನೆಯೇ ಅದಾಗಿರುವಾಗ ಉತ್ತರ ಕೊಡದೆ ಚಿತ್ರವನ್ನು ಹೊಗಳಿದರೆ ಹೊಗಳಿಕೆ ನಿಲ್ಲುವುದಿಲ್ಲ. ಹಾಗೆಂದು ಚಿತ್ರವನ್ನು ಕಟಕಟೆಗೆ ಏರಿಸಿ ತೀರ್ಪು ಓದಿ ಮುಗಿಸುವುದನ್ನೂ ನಾನು ಒಪ್ಪುವುದಿಲ್ಲ. ಚಿತ್ರದೊಳಗೇ ಹುಡುಕಿ. ಅವನು ಹಿಂದೆ ಬರುವುದು ಪ್ರಭಾಳಿಗೆ ಗೊತ್ತು, ಆ ಆಟದಲ್ಲಿ ಅವಳಿಗೂ ನಗು ಇದೆ ಎಂದು ಚಿತ್ರ ತೋರಿಸುತ್ತದೆ. ಇದು ಬರೆದವರ ಅನುಕೂಲಕ್ಕೆ ಹುಟ್ಟಿದ ನಗುವೋ, ಅವಳದೇ ನಗುವೋ ಎಂಬುದನ್ನು ಪ್ರಭಾಳ ಪಾತ್ರ ಮಾಡಿದ ವಿದ್ಯಾ ಸಿನ್ಹಾ ಅವರ ಮುಖವನ್ನು ನೋಡಿ ನೀವೇ ನಿರ್ಧರಿಸಬೇಕು. ಅರುಣ್ ಖಂಡಾಲಾಕ್ಕೆ ಹೋದಾಗ ಅವನಿಲ್ಲದ ಊರಿನಲ್ಲಿ ಅವಳು ಒಬ್ಬಳೇ ನಡೆಯುತ್ತಾಳೆ. ಯೋಗೇಶ್ ಬರೆದು ಸಲಿಲ್ ಚೌಧುರಿ ರಾಗ ಹಾಕಿದ ‘ನ ಜಾನೇ ಕ್ಯೂಂ’ ಹಾಡು ಲತಾ ಮಂಗೇಶ್ಕರ್ ದನಿಯಲ್ಲಿ ಹಿನ್ನೆಲೆಯಲ್ಲಿ ಬರುತ್ತದೆ, ಅವಳ ತುಟಿ ಅಲುಗುವುದಿಲ್ಲ. ಅಷ್ಟು ಹೊತ್ತು ಚಿತ್ರ ಪೂರ್ತಿ ಅವಳದಾಗುತ್ತದೆ. ಅಂತ್ಯದಲ್ಲಿ ಕರ್ನಲ್ ಕಲಿಸಿದ ಕೊನೆಯ ಉಪಾಯವನ್ನು ಅವಳ ಮೇಲೆ ಪ್ರಯೋಗಿಸಲು ಅರುಣನ ಮನಸ್ಸು ಒಪ್ಪುವುದಿಲ್ಲ. ನನ್ನ ಮಟ್ಟಿಗೆ ಈ ಎರಡು ಸಂಗತಿಗಳೇ ಚಿತ್ರವನ್ನು ಇಂದಿಗೂ ಕಾಪಾಡುತ್ತಿರುವುದು. ನೀವು ಬೇರೆ ತೀರ್ಮಾನಕ್ಕೆ ಬಂದರೆ ಅದನ್ನೇ ನಿಸ್ಸಂಕೋಚವಾಗಿ ಬರೆಯಿರಿ, ಆದರೆ ದೃಶ್ಯದ ಆಧಾರ ಕೊಡಿ.

ನಾಗೇಶನ ಪಾತ್ರದಲ್ಲಿ ಅಸ್ರಾನಿ ಅವರನ್ನು ಕುರಿತ ನಿಮ್ಮ ಪ್ಯಾರಾ ಬಹಳ ಚೆನ್ನಾಗಿದೆ, ಒಂದಕ್ಷರವನ್ನೂ ಬದಲಿಸಬೇಡಿ. ‘ಸುವರ್ಣಯುಗ’ ಎಂಬ ಮಾತು ಬಂದ ಸಾಲುಗಳನ್ನೆಲ್ಲ ತೆಗೆಯಿರಿ. ಹಾಗೆ ತೆರವಾದ ಜಾಗವನ್ನು ಪ್ರಭಾಳಿಗೆ ಕೊಡಿ. ಇಷ್ಟು ಉದ್ದದ ಲೇಖನದಲ್ಲಿ ವಿದ್ಯಾ ಸಿನ್ಹಾ ಅವರ ಹೆಸರು ಆವರಣದೊಳಗೆ ಒಮ್ಮೆ ಮಾತ್ರ ಬಂದಿದೆ. ತಿದ್ದಿದ ಪ್ರತಿಗಾಗಿ ಕಾಯುತ್ತಿರುತ್ತೇನೆ.

ಇತಿ,
ನಿಮ್ಮ ಹಿರಿಯ ಮಿತ್ರ